ಪೆಪ್ಟೈಡ್ ಇಂಜೆಕ್ಷನ್ ಕಾನೂನುಬದ್ಧವೇ? ಕೊಳ್ಳುವ, ತರಿಸುವ ಮೊದಲು ಹಂತ ಹಂತವಾಗಿ ನೋಡಬೇಕಾದ್ದು

ಒಂದೇ ಪ್ರಶ್ನೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ. ಫೋನಿನಲ್ಲಿ ಒಂದು ಪುಟ್ಟ ಗಾಜಿನ ಸೀಸೆಯ ಫೋಟೋ. ಕೆಳಗೆ ಒಂದು ಸಾಲು: "ಇದನ್ನ ತಗೋಬಹುದಾ? ಲೀಗಲ್ ತಾನೇ?" ಕೇಳುವವರು ಅಜಾಗರೂಕರೇನಲ್ಲ. ಶುದ್ಧತೆಯ ವರದಿ ಓದಿರುತ್ತಾರೆ, ನಾಲ್ಕು ಕಡೆ ಬೆಲೆ ಹೋಲಿಸಿರುತ್ತಾರೆ, ಬಳಸಿದವರನ್ನೂ ವಿಚಾರಿಸಿರುತ್ತಾರೆ. ಆದರೂ ತಪ್ಪುತ್ತಾರೆ. ಅವರು ಕೊನೆಗೆ ನೋಡಬೇಕಾದ್ದನ್ನು ಮೊದಲು ನೋಡಿರುತ್ತಾರೆ. ಮೊದಲು ನೋಡಬೇಕಾದ್ದನ್ನು ನೋಡಿರುವುದೇ ಇಲ್ಲ.

ಇಲ್ಲಿರುವ ಹಂತಗಳ ಕ್ರಮ ಬಹಳ ಮುಖ್ಯ. ಯಾವುದಾದರೂ ಹಂತದಲ್ಲಿ "ಇಲ್ಲ" ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ. ಮುಂದಿನ ಹಂತ ಸರಿಯಿದ್ದರೂ ಹಿಂದಿನ ತಪ್ಪು ಸರಿಹೋಗುವುದಿಲ್ಲ. ಇದು ಭಾರತದ ಕಾನೂನಿಗೆ ಸಂಬಂಧಿಸಿದ್ದು. ಬೇರೆ ದೇಶದಲ್ಲಿರುವವರಿಗೆ ಅಲ್ಲಿನ ನಿಯಮವೇ ಅನ್ವಯ.

ಶುರು ಮಾಡುವ ಮೊದಲು ಹತ್ತಿರ ಇಟ್ಟುಕೊಳ್ಳಿ

ಪೆಟ್ಟಿಗೆಯ ಆರೂ ಮುಖಗಳ ಫೋಟೋ ಬೇಕು. ಸೀಸೆ ಅಥವಾ ಪೆನ್ನಿನ ಮೇಲಿನ ಲೇಬಲ್ಲಿನ ಫೋಟೋ ಬೇರೆಯಾಗಿ ಬೇಕು. ಡಾಕ್ಟರ ಚೀಟಿ ಮತ್ತು ಬಿಲ್ ಇರಲಿ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ, ಅಂದರೆ ಸಿಡಿಎಸ್‌ಸಿಒದ ಜಾಲತಾಣ ತೆರೆದಿರಲಿ. ಮಾರುವವರ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿದ್ದರೆ ಅದನ್ನು ಅಳಿಸಬೇಡಿ. ಮುಂದೆ ಅದೇ ಕೆಲಸಕ್ಕೆ ಬರುತ್ತದೆ.

ಹಂತ 1: ಇದು ಯಾವ ಕಾನೂನಿನ ಕೆಳಗೆ ಬರುತ್ತದೆ ಎಂದು ವಿಂಗಡಿಸಿ

ಪೆಪ್ಟೈಡ್ ಅಂದರೆ ಅಮಿನೊ ಆಮ್ಲಗಳ ಸಣ್ಣ ಸರಪಳಿ. ಆಕ್ಸಿಟೋಸಿನ್‌ನಲ್ಲಿ 9 ಕೊಂಡಿ, ಸಕ್ಕರೆ ಕಾಯಿಲೆಗೆ ಮತ್ತು ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್‌ನಲ್ಲಿ 31, ಮೂಳೆ ಸವೆತಕ್ಕೆ ಕೊಡುವ ಟೆರಿಪ್ಯಾರಟೈಡ್‌ನಲ್ಲಿ 34, ಸೆಮಾಗ್ಲುಟೈಡ್‌ನಂಥದ್ದೇ ಬಳಕೆಯ ಟಿರ್ಜೆಪಟೈಡ್‌ನಲ್ಲಿ 39, ಇನ್ಸುಲಿನ್‌ನಲ್ಲಿ 51. "ಪೆಪ್ಟೈಡ್ ಕಾನೂನು" ಎಂದು ಬೇರೆ ಕಾನೂನೇನೂ ಇಲ್ಲ. ಆ ವಸ್ತುವನ್ನು ಯಾವ ಉದ್ದೇಶಕ್ಕೆ ಮಾರುತ್ತಾರೆ, ದೇಹಕ್ಕೆ ಹೇಗೆ ಹೋಗುತ್ತದೆ ಎಂಬುದರ ಮೇಲೆ ಕಾನೂನು ನಿರ್ಧಾರವಾಗುತ್ತದೆ.

ನೀರಿಗೆ ಹಾಕಿ ಕುಡಿಯುವ ಕೊಲಾಜೆನ್ ಪೆಪ್ಟೈಡ್ ಪುಡಿ ಆಹಾರದ ಲೆಕ್ಕಕ್ಕೆ ಬರುತ್ತದೆ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಮುಖಕ್ಕೆ ಹಚ್ಚುವ ಪೆಪ್ಟೈಡ್ ಸೀರಮ್ ಕಾಸ್ಮೆಟಿಕ್ಸ್ ನಿಯಮಗಳು, 2020ರ ಕೆಳಗೆ ಬರುತ್ತದೆ. ರೋಗ ವಾಸಿ ಮಾಡಲು, ತಡೆಯಲು ಅಥವಾ ಪತ್ತೆ ಮಾಡಲು ಬಳಸುವುದೆಲ್ಲ ಔಷಧ. ಅದಕ್ಕೆ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940 ಅನ್ವಯಿಸುತ್ತದೆ. ಜಾನುವಾರಿಗೆ ಕೊಡುವುದೂ ಇದರಲ್ಲಿ ಸೇರಿದೆ. ಎಮ್ಮೆ ಹಾಲು ಇಳಿಸಲಿ ಎಂದು ಲೇಬಲ್ಲೇ ಇಲ್ಲದ ಬಾಟಲಿಯಿಂದ ಚುಚ್ಚುವ ಆಕ್ಸಿಟೋಸಿನ್ ಕೂಡ ಪೆಪ್ಟೈಡ್ ಔಷಧವೇ. ಅಂಥ ಬಾಟಲಿ ಮಾರುವುದು ಅಪರಾಧ.

ಇಲ್ಲಿ ಜನ ಮಾಡುವ ತಪ್ಪು: "ಇದು ಸಪ್ಲಿಮೆಂಟ್ ಅಷ್ಟೇ" ಎಂಬ ಮಾತನ್ನು ನಂಬುವುದು. ಸೂಜಿಯಿಂದ ಚುಚ್ಚುವ ಯಾವುದೂ ಆಹಾರ ಅಲ್ಲ. ಇಂಜೆಕ್ಷನ್ ಸೀಸೆಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಕಂಡರೆ ಮಾರುವವರಿಗೆ ಕಾನೂನು ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿರಲಾರದು ಎಂದುಕೊಂಡಿದ್ದಾರೆ. ಎರಡೂ ನಿಮಗೆ ಒಳ್ಳೆಯದಲ್ಲ.

ಹಂತ 2: ಒಳಗಿರುವ ಔಷಧಕ್ಕೆ ಭಾರತದಲ್ಲಿ ಅನುಮತಿ ಇದೆಯೇ ನೋಡಿ

ಬ್ರ್ಯಾಂಡ್ ಹೆಸರು ಬಿಡಿ. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧದ ಹೆಸರು ಇರುತ್ತದೆ. ಅದನ್ನು ಬರೆದುಕೊಳ್ಳಿ. ಸಿಡಿಎಸ್‌ಸಿಒ ಜಾಲತಾಣದಲ್ಲಿ ಅನುಮತಿ ಪಡೆದ ಹೊಸ ಔಷಧಗಳ ಪಟ್ಟಿ ವರ್ಷವಾರು ಇದೆ. ಅದರಲ್ಲಿ ಹೆಸರು, ಪ್ರಮಾಣ, ಯಾವ ಕಾಯಿಲೆಗೆ, ಯಾವ ದಿನಾಂಕ ಎಂಬುದೆಲ್ಲ ಇರುತ್ತದೆ. ನಾಲ್ಕನ್ನೂ ಹೋಲಿಸಿ. ಬರೀ ಹೆಸರು ಸಿಕ್ಕಿತು ಎಂದು ನಿಲ್ಲಿಸಬೇಡಿ. ಮಾತ್ರೆಗೆ ಸಿಕ್ಕ ಅನುಮತಿ ಇಂಜೆಕ್ಷನ್‌ಗೆ ಸಲ್ಲುವುದಿಲ್ಲ. ಸಕ್ಕರೆ ಕಾಯಿಲೆಗೆ ಸಿಕ್ಕ ಅನುಮತಿ ತೂಕ ಇಳಿಸುವುದಕ್ಕೂ ಇದೆ ಎಂದುಕೊಳ್ಳುವ ಹಾಗಿಲ್ಲ.

ಕಾನೂನುಬದ್ಧ ಉದಾಹರಣೆ ಬೇಕೆಂದರೆ ಟಿರ್ಜೆಪಟೈಡ್ ನೋಡಿ. ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಸೆಮಾಗ್ಲುಟೈಡ್ ಮಾತ್ರೆ ರೈಬೆಲ್ಸಸ್ 2022ರಲ್ಲಿ ಬಂತು, ತೂಕ ಇಳಿಸುವ ಇಂಜೆಕ್ಷನ್ ವೆಗೋವಿ 2025ರ ಜೂನ್‌ನಲ್ಲಿ ಬಂತು.

ಸೆಮಾಗ್ಲುಟೈಡ್ ವಿಷಯದಲ್ಲಿ ಒಂದು ಗೊಂದಲ ಜಾಸ್ತಿ ಇದೆ. ಇದರ ಮುಖ್ಯ ಪೇಟೆಂಟ್‌ನ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. "ಪೇಟೆಂಟ್ ಮುಗಿದರೆ ಯಾರು ಬೇಕಾದರೂ ಮಾಡಬಹುದಲ್ವಾ?" ಎಂದು ಕೇಳುತ್ತಾರೆ. ಮಾಡಬಹುದು, ಆದರೆ ಪೇಟೆಂಟ್ ಬೇರೆ, ಔಷಧ ಅನುಮತಿ ಬೇರೆ. ಹೊಸ ಔಷಧದ ಅವಧಿಯಲ್ಲಿ ಪ್ರತಿ ಕಂಪನಿಯೂ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, 2019ರ ಪ್ರಕಾರ ತನ್ನದೇ ಅನುಮತಿ ಪಡೆಯಬೇಕು. ರಾಸಾಯನಿಕವಾಗಿ ತಯಾರಿಸಿದ ಪೆಪ್ಟೈಡ್ ಸಾಮಾನ್ಯವಾಗಿ ನಾಲ್ಕು ವರ್ಷ "ಹೊಸ ಔಷಧ" ಎನಿಸಿಕೊಳ್ಳುತ್ತದೆ. ಜೀವಕೋಶದಲ್ಲಿ ಜೀನ್ ಸೇರಿಸಿ ಬೆಳೆಸಿದ್ದಾದರೆ, ಇನ್ಸುಲಿನ್ ತಯಾರಿಸುವ ಹಾಗೆ, ಅದು ಎಷ್ಟು ವರ್ಷ ಕಳೆದರೂ "ಹೊಸ ಔಷಧ"ವೇ. ಎರಡೂ ಒಂದೇ ಥರ ಕಂಡರೂ ಕಾಗದದ ದಾರಿ ಬೇರೆ.

ಜಿಮ್‌ಗಳಲ್ಲಿ ಓಡಾಡುವ ಬಿಪಿಸಿ-157, ಟಿಬಿ-500, ಸಿಜೆಸಿ-1295, ಇಪಾಮೊರೆಲಿನ್ ಇವುಗಳನ್ನು ಹುಡುಕಿ ನೋಡಿ. ಮನುಷ್ಯರ ಚಿಕಿತ್ಸೆಗೆ ಅನುಮತಿ ಸಿಕ್ಕವುಗಳ ಸಾಲಿನಲ್ಲಿ ಇವು ಸಿಗುವುದಿಲ್ಲ. "ರೆಟಾ" ಎಂದು ಕರೆಯುವ ರೆಟಾಟ್ರುಟೈಡ್ ಈ ಬರಹದ ಹೊತ್ತಿಗೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಅದನ್ನು ತಯಾರಿಸುತ್ತಿರುವ ಕಂಪನಿಯೇ ಮಾರಾಟಕ್ಕೆ ಬಿಟ್ಟಿಲ್ಲ. ಹಾಗಿರುವಾಗ ನಿಮ್ಮ ಕೈಗೆ ಬಂದ ಸೀಸೆಯಲ್ಲಿ ಇರುವುದು ಏನು ಎಂದು ಯೋಚಿಸಿ.

ಹಂತ 3: ಪೆಟ್ಟಿಗೆಯನ್ನು ಸಾಲು ಸಾಲಾಗಿ ಓದಿ

ಹೋದ ವರ್ಷ ನನ್ನ ಅಕ್ಕನ ಮಗ ಜಿಮ್‌ನಿಂದ ತಂದ ಸೀಸೆ ತೋರಿಸಿದ. "ಚಿಕ್ಕಮ್ಮ, ಭುಜದ ನೋವು ಬೇಗ ಹೋಗತ್ತಂತೆ" ಎಂದ. ಹೆಬ್ಬೆರಳಿನಷ್ಟು ಎತ್ತರದ ಗಾಜು, ನೀಲಿ ಪ್ಲಾಸ್ಟಿಕ್ ಮುಚ್ಚಳ, ಕೆಳಗೆ ಬೂದು ಬಣ್ಣದ ರಬ್ಬರ್. ತಳದಲ್ಲಿ ಬಿಳಿ ಪುಡಿ ಒತ್ತಿದ ಸುಣ್ಣದ ಬಿಲ್ಲೆಯ ಹಾಗೆ ಅಂಟಿತ್ತು. ಲೇಬಲ್ಲಿನ ಮೇಲೆ ಮೂರೇ ಸಾಲು: ಒಂದು ಹೆಸರು, 5 ಮಿಲಿಗ್ರಾಂ, ಮತ್ತೆ "ಸಂಶೋಧನೆಗೆ ಮಾತ್ರ". ತಯಾರಿಸಿದವರು ಯಾರು? ಇಲ್ಲ. ಎಲ್ಲಿ? ಇಲ್ಲ. ಅವಧಿ ಮುಗಿಯುವುದು ಯಾವಾಗ? ಅದೂ ಇಲ್ಲ. ಅವನು ಕೊಟ್ಟಿದ್ದು ಮಾತ್ರ ಸಾವಿರಗಟ್ಟಲೆ ದುಡ್ಡು.

ಔಷಧ ನಿಯಮಗಳು, 1945ರ 96ನೇ ನಿಯಮ ಲೇಬಲ್ ಹೇಗಿರಬೇಕು ಎಂದು ಹೇಳುತ್ತದೆ. ಇವನ್ನು ಹುಡುಕಿ: ಔಷಧದ ಹೆಸರು ಮತ್ತು ಪ್ರಮಾಣ, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ನಂಬರ್, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ತಯಾರಿಕಾ ಲೈಸೆನ್ಸ್ ನಂಬರ್. ಲೈಸೆನ್ಸ್ ನಂಬರ್ "ಎಂ.ಎಲ್." ಎಂಬ ಅಕ್ಷರಗಳ ಮುಂದೆ ಇರುತ್ತದೆ. ಕರ್ನಾಟಕದಲ್ಲಿ ತಯಾರಾದದ್ದರಲ್ಲಿ "ಕೆಟಿಕೆ" ಎಂದು ಶುರುವಾಗುವ ನಂಬರ್ ಕಾಣಬಹುದು. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ರೂಪಾಯಿಯಲ್ಲಿ ಇರಬೇಕು.

ಹೊರದೇಶದ ಔಷಧವಾದರೆ ಎರಡು ಸಾಲು ಜಾಸ್ತಿ ಇರುತ್ತವೆ: ಆಮದು ಲೈಸೆನ್ಸ್ ನಂಬರ್ ಮತ್ತು ಭಾರತದ ಆಮದುದಾರರ ಹೆಸರು, ವಿಳಾಸ. ಪೆಟ್ಟಿಗೆ ಅಸಲಿ, ಕಂಪನಿ ದೊಡ್ಡದು, ಆದರೆ ಅಕ್ಷರ ಬೇರೆ ದೇಶದ ಭಾಷೆಯಲ್ಲಿದೆ, ರೂಪಾಯಿ ಬೆಲೆ ಇಲ್ಲ, ಆಮದುದಾರರ ಹೆಸರಿಲ್ಲ. ಇದರರ್ಥ ಅದು ಕಳ್ಳಸಾಗಣೆಯಲ್ಲಿ ಬಂದ ಮಾಲು. ಒಳಗಿನ ಔಷಧ ನಿಜವಾದದ್ದೇ ಆಗಿದ್ದರೂ ದಾರಿಯಲ್ಲಿ ಎಷ್ಟು ದಿನ ಬಿಸಿಲಲ್ಲಿ ಇತ್ತು ಎಂದು ಹೇಳುವವರು ಯಾರೂ ಇಲ್ಲ. ತೆರೆಯದ ಪೆನ್ನುಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು.

ಚೀಟಿ ಬೇಕಾದ ಔಷಧದ ಮೇಲೆ "ಆರ್‌ಎಕ್ಸ್" ಗುರುತು ಮತ್ತು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ಎಚ್ಚರಿಕೆ ಇರುತ್ತದೆ. ಕೆಲವು ಹೊಸ ಔಷಧಗಳಲ್ಲಿ ಇಂಥ ತಜ್ಞ ವೈದ್ಯರು ಮಾತ್ರ ಬರೆಯಬೇಕು ಎಂಬ ಸಾಲೂ ಇರುತ್ತದೆ. ಅದನ್ನು ಬಿಡದೆ ಓದಿ.

ಕೊನೆಗೆ ಪೆಟ್ಟಿಗೆಯ ಬ್ಯಾಚ್ ನಂಬರ್ ಮತ್ತು ಒಳಗಿನ ಸೀಸೆಯ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಿ. 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಸಿಕ್ಕ ನಕಲಿ ಬ್ಯಾಚ್‌ಗಳ ಬಗ್ಗೆ ಅದು ಹೇಳಿತ್ತು. ನಕಲಿ ಮಾಡುವವರು ಪೆಟ್ಟಿಗೆಯನ್ನು ಚೆನ್ನಾಗಿ ಮಾಡಿ ಒಳಗಿನ ಲೇಬಲ್ಲಿನಲ್ಲಿ ಎಡವುವುದುಂಟು. ಹಾಗಾಗಿ ಎರಡನ್ನೂ ಜೋಡಿಸಿ ನೋಡುವ ಒಂದು ನಿಮಿಷ ವ್ಯರ್ಥ ಅಲ್ಲ.

ಹಂತ 4: "ಸಂಶೋಧನೆಗೆ ಮಾತ್ರ" ಎಂದಿದ್ದರೆ ಇಲ್ಲೇ ನಿಲ್ಲಿ

ಹೆಚ್ಚಿನವರು ಜಾರುವುದು ಇಲ್ಲೇ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

"ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ" ಎಂಬ ಸಾಲು ಮಾರುವವರನ್ನು ಕಾಪಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕಾನೂನು ಲೇಬಲ್ಲಿನ ಸಾಲಿನ ಜೊತೆಗೆ ಉದ್ದೇಶವನ್ನೂ ನೋಡುತ್ತದೆ. ಅದೇ ಅಂಗಡಿ ಸೀಸೆಯ ಜೊತೆ ಇನ್ಸುಲಿನ್ ಸಿರಿಂಜ್ ಮಾರುತ್ತದೆ. ಬೆರೆಸುವ ನೀರು ಕೊಡುತ್ತದೆ. "ದಿನಕ್ಕೆ ಇಷ್ಟು ಯೂನಿಟ್" ಎಂಬ ಚಾರ್ಟ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತದೆ. ಇಷ್ಟಾದ ಮೇಲೆ ಅದು ಔಷಧ ಮಾರಾಟವೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಇಂಥ ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಕಳಿಸಿದ್ದೂ ಇದೇ ಕಾರಣಕ್ಕೆ: ಲೇಬಲ್ ಒಂದು ಹೇಳಿದರೂ ಜಾಹೀರಾತು ಬೇರೆಯದನ್ನೇ ಹೇಳುತ್ತಿತ್ತು.

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಔಷಧ ತಯಾರಿಸುವುದು, ದಾಸ್ತಾನು ಇಡುವುದು, ಮಾರುವುದು, ಹಂಚುವುದು 1940ರ ಕಾಯ್ದೆಯ 18(ಸಿ) ಕಲಮಿನ ಉಲ್ಲಂಘನೆ. 27ನೇ ಕಲಮಿನ ಪ್ರಕಾರ ಕನಿಷ್ಠ 3 ವರ್ಷದಿಂದ 5 ವರ್ಷದವರೆಗೆ ಜೈಲು. ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ವಶಪಡಿಸಿಕೊಂಡ ಮಾಲಿನ ಮೂರು ಪಟ್ಟು, ಯಾವುದು ಜಾಸ್ತಿಯೋ ಅಷ್ಟು ದಂಡ.

"ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ ಹಂಚಿಕೊಳ್ಳೋಣ" ಎನ್ನುವ ಹುಡುಗರು ಈ ಪ್ಯಾರಾವನ್ನು ಎರಡು ಸಲ ಓದಬೇಕು. ಆರ್ಡರ್ ಹಾಕಿದವನು, ದುಡ್ಡು ಕಲೆಹಾಕಿದವನು, ಹಂಚಿದವನು ಕಾನೂನಿನ ಕಣ್ಣಿಗೆ ಗೆಳೆಯನಾಗಿ ಕಾಣುವುದಿಲ್ಲ, ವಿತರಕನಾಗಿ ಕಾಣುತ್ತಾನೆ.

ಈಗ ಶುದ್ಧತೆಯ ವರದಿಗೆ ಬರೋಣ. "ಶೇ. 99 ಶುದ್ಧ" ಎಂಬ ಕಾಗದ ಕಂಡ ಕೂಡಲೇ ಜನಕ್ಕೆ ನೆಮ್ಮದಿ. ಆ ಅಂಕಿ ಸಾಮಾನ್ಯವಾಗಿ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯದು. ಪೆಪ್ಟೈಡ್ ಜಾತಿಯ ಅಂಶಗಳಲ್ಲಿ ಮುಖ್ಯ ಪೆಪ್ಟೈಡ್ ಎಷ್ಟು ಎಂದಷ್ಟೇ ಅದು ಹೇಳುತ್ತದೆ. ಪುಡಿಯಲ್ಲಿ ನೀರು, ಲವಣ ಎಷ್ಟು ಸೇರಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ 5 ಮಿಲಿಗ್ರಾಂ ಪುಡಿಯಲ್ಲಿ ಪೂರ್ತಿ 5 ಮಿಲಿಗ್ರಾಂ ಪೆಪ್ಟೈಡ್ ಇರಬೇಕೆಂದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಸೂಕ್ಷ್ಮಾಣು ಇಲ್ಲ ಎಂದೂ ಅದು ಹೇಳುವುದಿಲ್ಲ. ಸತ್ತ ಬ್ಯಾಕ್ಟೀರಿಯಾದ ಹೊರಪದರದ ಚೂರುಗಳಿಗೆ ಎಂಡೋಟಾಕ್ಸಿನ್ ಎನ್ನುತ್ತಾರೆ. ಅದು ರಕ್ತಕ್ಕೆ ಸೇರಿದರೆ ಚಳಿ ಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯಬಹುದು. ಮಾಮೂಲಿ 0.22 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಈ ಚೂರುಗಳನ್ನು ತಡೆಯುವುದಿಲ್ಲ. ಲೈಸೆನ್ಸ್ ಇರುವ ಇಂಜೆಕ್ಷನ್ ತಯಾರಕರು ಇದಕ್ಕೆಲ್ಲ ಬೇರೆ ಪರೀಕ್ಷೆ ಮಾಡಲೇಬೇಕು.

ವರದಿಯ ಬ್ಯಾಚ್ ನಂಬರ್ ನಿಮ್ಮ ಸೀಸೆಯ ಮೇಲೆ ಇದೆಯೇ? ಅಕ್ಕನ ಮಗನ ಸೀಸೆಯಲ್ಲಿ ಬ್ಯಾಚ್ ನಂಬರೇ ಇರಲಿಲ್ಲ. ಅವನಿಗೆ ಕಳಿಸಿದ ಚೆಂದದ ವರದಿ ಯಾವ ಸೀಸೆಯದ್ದೋ ಯಾರಿಗೂ ಗೊತ್ತಿಲ್ಲ. ಅವನು ಅದನ್ನು ಚುಚ್ಚಿಕೊಳ್ಳಲಿಲ್ಲ, ನನಗೆ ಅಷ್ಟೇ ಸಮಾಧಾನ.

ಹಂತ 5: ಮಾರುವವರು, ಚೀಟಿ, ಬಿಲ್

ಔಷಧ ಸರಿ, ಪೆಟ್ಟಿಗೆ ಸರಿ ಎಂದಾದರೆ ಮಾರುವವರನ್ನು ನೋಡಿ. ಮೆಡಿಕಲ್ ಶಾಪ್‌ಗಳು ಲೈಸೆನ್ಸ್‌ಗಳನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿರಬೇಕು. ಇಂಜೆಕ್ಷನ್ ಮಾರಲು ಫಾರ್ಮ್ 20ರಲ್ಲಿ ಕೊಟ್ಟ ಲೈಸೆನ್ಸ್ ಒಂದೇ ಸಾಲದು, ಫಾರ್ಮ್ 21ರ ಲೈಸೆನ್ಸ್ ಬೇಕು. ಫ್ರಿಜ್ ಇದೆಯೇ, ಅದರಲ್ಲಿ ಉಷ್ಣಾಂಶ ತೋರಿಸುವ ಮೀಟರ್ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ. ಔಷಧಗಳ ಪಕ್ಕ ಹಾಲಿನ ಪ್ಯಾಕೆಟ್, ಊಟದ ಡಬ್ಬಿ ಇಟ್ಟಿದ್ದರೆ ಬೇರೆ ಅಂಗಡಿ ನೋಡಿ.

ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ನಿಮ್ಮ ಹೆಸರು ವಿಳಾಸ, ಔಷಧದ ಒಟ್ಟು ಪ್ರಮಾಣ, ಡೋಸ್ ಇರಬೇಕು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಬೇಕು. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡಿಕೊಡ್ತೀನಿ" ಎಂದರೆ ಅಲ್ಲಿಂದ ಹೊರಡಿ. ನಾಳೆ ಏನಾದರೂ ಆದರೆ ಆ ಬಿಲ್ ಒಂದೇ ನಿಮ್ಮ ಆಧಾರ.

ಕ್ಲಿನಿಕ್‌ಗಳದ್ದು ಬೇರೆ ಮಾತು. ನೋಂದಾಯಿತ ವೈದ್ಯರು ತಮ್ಮ ರೋಗಿಗೆ ತಾವೇ ಔಷಧ ಕೊಡಬಹುದು. ಔಷಧ ನಿಯಮಗಳ ಷೆಡ್ಯೂಲ್ ಕೆ ಎಂಬ ಪಟ್ಟಿ ಅವರಿಗೆ ಆ ವಿನಾಯಿತಿ ಕೊಟ್ಟಿದೆ. ಆದರೆ ಷರತ್ತು ಇದೆ: ಔಷಧವನ್ನು ಲೈಸೆನ್ಸ್ ಇರುವವರಿಂದಲೇ ಕೊಂಡಿರಬೇಕು, ಬ್ಯಾಚ್ ನಂಬರ್ ಸಹಿತ ಲೆಕ್ಕ ಇಟ್ಟಿರಬೇಕು. ಆದ್ದರಿಂದ "ಡಾಕ್ಟ್ರೇ, ಪೆಟ್ಟಿಗೆ ಒಂದ್ಸಲ ತೋರಿಸ್ತೀರಾ? ಬ್ಯಾಚ್ ನಂಬರ್ ಬರ್ಕೋತೀನಿ" ಎಂದು ಕೇಳುವುದು ಅವಮಾನ ಮಾಡಿದ ಹಾಗಲ್ಲ. ಒಳ್ಳೆಯ ವೈದ್ಯರು ಖುಷಿಯಿಂದ ತೋರಿಸುತ್ತಾರೆ. ಪಕ್ಕದ ಕೋಣೆಯಿಂದ ಲೇಬಲ್ ಇಲ್ಲದ ಸಿರಿಂಜ್ ತುಂಬಿಸಿ ತಂದರೆ ತೋಳು ಚಾಚಬೇಡಿ.

"ಬೊಜ್ಜು ಕರಗಿಸುವ ಇಂಜೆಕ್ಷನ್, ಗ್ಯಾರಂಟಿ" ಎಂಬ ಜಾಹೀರಾತೂ ಎಚ್ಚರಿಕೆಯ ಗುರುತೇ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಅವನ್ನು ವಾಸಿ ಮಾಡುತ್ತೇವೆ ಎಂದು ಸಾರ್ವಜನಿಕರಿಗೆ ಔಷಧದ ಜಾಹೀರಾತು ಕೊಡುವಂತಿಲ್ಲ.

ಹಂತ 6: ಹೊರದೇಶದಿಂದ ತರುವುದಾದರೆ

"ಮಗ ಅಮೆರಿಕದಲ್ಲಿದ್ದಾನೆ, ಕಳಿಸ್ತಾನೆ" ಎನ್ನುವ ಅಪ್ಪ-ಅಮ್ಮಂದಿರು ಬೆಂಗಳೂರು, ಮೈಸೂರು, ಮಂಗಳೂರಲ್ಲಿ ಬಹಳ ಜನ ಇದ್ದಾರೆ. ಎರಡು ದಾರಿಗಳಿವೆ. ಎರಡಕ್ಕೂ ನಿಯಮ ಬೇರೆ ಬೇರೆ.

ಮೊದಲನೆಯದು, ಪ್ರಯಾಣಿಕರು ತಮ್ಮ ಸಾಮಾನಿನ ಜೊತೆ ತರುವುದು. ಔಷಧ ನಿಯಮಗಳ 36ನೇ ನಿಯಮ ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಅದು ಆ ಪ್ರಯಾಣಿಕರ ಸ್ವಂತ ಬಳಕೆಗೆ ಮಾತ್ರ. ಒಂದೊಂದು ಔಷಧವೂ 100 ಸರಾಸರಿ ಡೋಸ್ ಮೀರಬಾರದು. ಕಸ್ಟಮ್ಸ್‌ನವರು ಕೇಳಿದರೆ ಘೋಷಿಸಬೇಕು. ಗಮನಿಸಿ: ಮಗ ತನ್ನ ಚೀಲದಲ್ಲಿ ಅಪ್ಪನ ಔಷಧ ತಂದರೆ ಅದು "ಪ್ರಯಾಣಿಕರ ಸ್ವಂತ ಬಳಕೆ" ಆಗುವುದಿಲ್ಲ. ಈ ಒಂದು ಪದದಲ್ಲಿ ಎಷ್ಟೋ ಜನ ಸಿಕ್ಕಿಬಿದ್ದಿದ್ದಾರೆ.

ಎರಡನೆಯದು, ಕೊರಿಯರ್‌ನಲ್ಲಿ ತರಿಸುವುದು ಅಥವಾ ಬೇರೆಯವರ ಕೈಲಿ ತರಿಸುವುದು. ಇದಕ್ಕೆ ಮೊದಲೇ ಅನುಮತಿ ಬೇಕು. ಕ್ರಮ ಹೀಗೆ:

1. ನೋಂದಾಯಿತ ವೈದ್ಯರಿಂದ ಚೀಟಿ ಪಡೆಯಿರಿ. ಒಳಗಿನ ಔಷಧದ ಹೆಸರು, ಪ್ರಮಾಣ, ಎಷ್ಟು ದಿನಕ್ಕೆ ಎಂಬುದು ಸ್ಪಷ್ಟವಾಗಿರಲಿ. ಬರೀ ಬ್ರ್ಯಾಂಡ್ ಹೆಸರು ಸಾಲದು. ಒಂದೇ ಟಿರ್ಜೆಪಟೈಡ್ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಗೆ ಮೌಂಜಾರೊ, ತೂಕಕ್ಕೆ ಜೆಪ್‌ಬೌಂಡ್ ಎಂಬ ಹೆಸರಲ್ಲಿ ಸಿಗುತ್ತದೆ.
2. ಫಾರ್ಮ್ 12-ಎ ತುಂಬಿ ಸಿಡಿಎಸ್‌ಸಿಒಗೆ ಅರ್ಜಿ ಹಾಕಿ. ಚೀಟಿ, ಗುರುತಿನ ಚೀಟಿ ಜೊತೆಗಿಡಿ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಏನೇನು ಕೇಳಿದ್ದಾರೆ ಎಂದು ನೋಡಿಯೇ ಹಾಕಿ, ನಿಯಮಗಳು ಬದಲಾಗುತ್ತಿರುತ್ತವೆ.
3. ಫಾರ್ಮ್ 12-ಬಿ ಪರವಾನಗಿ ಕೈಗೆ ಬರುವವರೆಗೆ ಕಾಯಿರಿ.
4. ಆಮೇಲೆ ಆರ್ಡರ್ ಹಾಕಿ. ಪರವಾನಗಿಯ ಪ್ರತಿಯನ್ನು ಕಳಿಸುವವರಿಗೂ ಕೊಡಿ, ಪಾರ್ಸೆಲ್ ಮೇಲೂ ಅಂಟಿಸಲು ಹೇಳಿ.

ಜನ ಮೂರು ಮತ್ತು ನಾಲ್ಕನ್ನು ತಿರುಗಾಮುರುಗ ಮಾಡುತ್ತಾರೆ. ನನ್ನ ಪರಿಚಯದ ಒಬ್ಬ ಹಿರಿಯರು ಪಾರ್ಸೆಲ್ ಹೊರಟ ಮೇಲೆ ಅರ್ಜಿ ಹಾಕಿದರು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿತು, ಐಸ್ ಪ್ಯಾಕ್ ಕರಗಿತು. ಕೊನೆಗೆ ಕಾಗದ ಸರಿಹೋದರೂ ಆ ಔಷಧ ಬಳಸಲು ಧೈರ್ಯ ಯಾರಿಗೂ ಬರಲಿಲ್ಲ. ದುಡ್ಡೂ ಹೋಯಿತು, ತಿಂಗಳೂ ಹೋಯಿತು.

ಸ್ವಂತ ಬಳಕೆಯ ಪರವಾನಗಿ "ಸಂಶೋಧನೆಗೆ ಮಾತ್ರ" ಎಂಬ ಸೀಸೆಗೆ ದಾರಿ ಮಾಡಿಕೊಡುತ್ತದೆ ಎಂದು ಭಾವಿಸಬೇಡಿ. ಮನುಷ್ಯರ ಬಳಕೆಗೆ ಅಲ್ಲ ಎಂದು ತಯಾರಕರೇ ಬರೆದಿರುವಾಗ ಯಾವ ವೈದ್ಯರೂ ಅದಕ್ಕೆ ಚೀಟಿ ಬರೆಯಬಾರದು.

ಹಂತ 7: ನಿಜವಾಗಿಯೂ ಲ್ಯಾಬ್ ಕೆಲಸಕ್ಕೆ ಬೇಕಾದರೆ

ಕಾಲೇಜು, ವಿಶ್ವವಿದ್ಯಾಲಯ, ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡುವವರಿಗೆ ಈ ಹಂತ. ಮೊದಲು ಒಂದು ಪುಟದಲ್ಲಿ ಬರೆಯಿರಿ: ಯಾವ ಪೆಪ್ಟೈಡ್, ಎಷ್ಟು, ಯಾವ ಪ್ರಯೋಗಕ್ಕೆ, ಮಿಕ್ಕಿದ್ದನ್ನು ಹೇಗೆ ನಾಶ ಮಾಡುತ್ತೀರಿ. ಮುಂದಿನ ಕಾಗದಗಳೆಲ್ಲ ಈ ಪುಟದ ಮೇಲೆ ನಿಲ್ಲುತ್ತವೆ.

ದೇಶದಲ್ಲಿ ಈಗಾಗಲೇ ಒಪ್ಪಿಗೆಯಾದ ಔಷಧವನ್ನು ಪರೀಕ್ಷೆ, ವಿಶ್ಲೇಷಣೆಗೆ ಆಮದು ಮಾಡಲು ಫಾರ್ಮ್ 12ರಲ್ಲಿ ಅರ್ಜಿ, ಫಾರ್ಮ್ 11ರಲ್ಲಿ ಲೈಸೆನ್ಸ್. ಇಲ್ಲೇ ತಯಾರಿಸುವುದಾದರೆ ಫಾರ್ಮ್ 30ರಲ್ಲಿ ಅರ್ಜಿ, ಫಾರ್ಮ್ 29ರಲ್ಲಿ ಲೈಸೆನ್ಸ್. ಹೊಸ ಔಷಧವಾದರೆ 2019ರ ನಿಯಮಗಳ ದಾರಿ ಹಿಡಿಯಬೇಕು, ಅದರ ಫಾರ್ಮ್‌ಗಳು "ಸಿಟಿ" ಎಂದು ಶುರುವಾಗುತ್ತವೆ. ಇಲ್ಲೂ ಪೋರ್ಟಲ್‌ನಲ್ಲಿರುವ ಈಗಿನ ವಿಧಾನವನ್ನೇ ನೋಡಿ.

ಪರೀಕ್ಷೆಗೆಂದು ತಯಾರಿಸಿದ ಸೀಸೆಯ ಮೇಲೂ ಲೇಬಲ್ ಬೇಕು. ಬೇರೆಯವರಿಗೆ ಕೊಡುವುದಾದರೆ ತಯಾರಕರ ಹೆಸರು, ವಿಳಾಸ, ವಸ್ತುವಿನ ವೈಜ್ಞಾನಿಕ ಹೆಸರು ಅಥವಾ ಗುರುತು, ತಯಾರಿಸಿದ ಉದ್ದೇಶ ಬರೆದಿರಬೇಕು. ಅಂದರೆ ನಿಜವಾದ ಲ್ಯಾಬ್ ಸೀಸೆಯಲ್ಲಿ ಜಿಮ್ ಸೀಸೆಗಿಂತ ಜಾಸ್ತಿ ವಿವರ ಇರುತ್ತದೆ.

ಪ್ರಾಣಿಗಳ ಮೇಲೆ ಪ್ರಯೋಗವಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹೊಸ ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸುವುದಾದರೆ ಫಾರ್ಮ್ ಸಿಟಿ-04ರಲ್ಲಿ ಅರ್ಜಿ, ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ಸಿಟಿಆರ್‌ಐ ಎಂಬ ದೇಶದ ಕ್ಲಿನಿಕಲ್ ಟ್ರಯಲ್ ದಾಖಲಾತಿಯಲ್ಲಿ ನೋಂದಣಿ, ಇವೆಲ್ಲ ಬೇಕು. "ನನ್ನ ಮೇಲೆ ನಾನೇ ಪ್ರಯೋಗ ಮಾಡಿಕೊಳ್ತೀನಿ" ಎಂಬುದಕ್ಕೆ ಲ್ಯಾಬ್ ಲೈಸೆನ್ಸ್‌ನಲ್ಲಿ ಜಾಗ ಇಲ್ಲ. ಲ್ಯಾಬ್‌ಗೆ ಬಂದ ಸೀಸೆ ಮನೆಗೆ ಹೋದರೆ ಸಂಸ್ಥೆಯ ಲೈಸೆನ್ಸ್‌ಗೇ ಕುತ್ತು.

ಹಂತ 8: ನೀವು ಕ್ರೀಡಾಪಟುವಾದರೆ

ಕಾನೂನುಬದ್ಧವಾಗಿ ಕೊಂಡ ಔಷಧವೂ ನಿಮ್ಮನ್ನು ಮೈದಾನದಿಂದ ಹೊರಗೆ ಹಾಕಬಹುದು. ಬಿಪಿಸಿ-157 ಅನ್ನು 2022ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ನಿಷೇಧಿತ ಪಟ್ಟಿಯಲ್ಲಿ ಹೆಸರಿಸಿದೆ. ಟಿಬಿ-500, ಸಿಜೆಸಿ-1295, ಇಪಾಮೊರೆಲಿನ್ ಕೂಡ ನಿಷೇಧಿತ. ಇನ್ಸುಲಿನ್ ಸಹ ಆ ಪಟ್ಟಿಯಲ್ಲಿದೆ. ಸಕ್ಕರೆ ಕಾಯಿಲೆ ಇರುವ ಆಟಗಾರರು ಚಿಕಿತ್ಸೆಗಾಗಿ ಬಳಸುವ ವಿನಾಯಿತಿಗೆ ಅರ್ಜಿ ಹಾಕಿಕೊಳ್ಳಬೇಕು. "ಕೋಚ್ ಕೊಟ್ಟಿದ್ದು, ನನಗೆ ಗೊತ್ತಿರಲಿಲ್ಲ" ಎಂಬ ಮಾತು ಸಾಮಾನ್ಯವಾಗಿ ಉಳಿಸುವುದಿಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ. ಜಿಲ್ಲಾ ಮಟ್ಟದ ಕಬಡ್ಡಿ, ಕುಸ್ತಿ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದೇ ಬೇಜಾರು.

ಹಂತ 9: ಈಗಾಗಲೇ ಕೊಂಡಾಗಿದೆ, ಅನುಮಾನ ಬಂದಿದೆ

ಚುಚ್ಚಿಕೊಳ್ಳಬೇಡಿ. ಚರಂಡಿಗೂ ಸುರಿಯಬೇಡಿ. ಪೆಟ್ಟಿಗೆ, ಸೀಸೆ, ಬಿಲ್, ಕೊರಿಯರ್ ಕವರ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ, ಲೇಬಲ್ಲಿನಲ್ಲಿ ಹೇಳಿದ ತಂಪಿನಲ್ಲಿ ಇಡಿ. ಮಕ್ಕಳಿಗೆ ಸಿಗದಂತೆ ಇಡಿ.

ಈಗಾಗಲೇ ಚುಚ್ಚಿಕೊಂಡು ಚಳಿ, ಜ್ವರ, ಉಸಿರಾಟದ ತೊಂದರೆ, ಚುಚ್ಚಿದ ಜಾಗದಲ್ಲಿ ಊತ, ನಿಲ್ಲದ ವಾಂತಿ ಅಥವಾ ತಲೆಸುತ್ತು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಸೀಸೆ ಜೊತೆಗೆ ಒಯ್ಯಿರಿ. ಮುಜುಗರಪಟ್ಟು ಮುಚ್ಚಿಡಬೇಡಿ. ವೈದ್ಯರಿಗೆ ನಿಮ್ಮ ಮೇಲೆ ಕೇಸು ಹಾಕುವ ಆಸಕ್ತಿ ಇಲ್ಲ, ಏನು ಒಳಗೆ ಹೋಗಿದೆ ಎಂಬುದಷ್ಟೇ ಅವರಿಗೆ ಬೇಕು. ಅಡ್ಡಪರಿಣಾಮವನ್ನು ದೇಶದ ಔಷಧ ನಿಗಾ ಕಾರ್ಯಕ್ರಮದ 1800-180-3024 ನಂಬರಿಗೆ ಉಚಿತವಾಗಿ ತಿಳಿಸಬಹುದು.

ಮಾರಿದವರ ಬಗ್ಗೆ ನಿಮ್ಮ ಜಿಲ್ಲೆಯ ಡ್ರಗ್ಸ್ ಇನ್‌ಸ್ಪೆಕ್ಟರ್‌ಗೆ ಬರೆದು ದೂರು ಕೊಡಿ. ಫೋಟೋ, ಬಿಲ್, ಚಾಟ್ ಸೇರಿಸಿ. ಬಾಯಿಮಾತಿನ ದೂರಿಗೆ ಬೆಲೆ ಕಮ್ಮಿ. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಹಕ್ಕು ನಿಮಗಿದೆ. 1940ರ ಕಾಯ್ದೆಯ 26ನೇ ಕಲಮಿನ ಪ್ರಕಾರ ನೀವು ಕೊಂಡ ಔಷಧವನ್ನು ನೀವೇ ಸರ್ಕಾರಿ ವಿಶ್ಲೇಷಕರಿಗೆ ಪರೀಕ್ಷೆಗೆ ಕೊಡಬಹುದು. ಮಾನ್ಯತೆ ಪಡೆದ ಗ್ರಾಹಕ ಸಂಘಗಳೂ ಕೊಡಬಹುದು. ಫಾರ್ಮ್ 14-ಎ ತುಂಬಿ ಶುಲ್ಕ ಕಟ್ಟಬೇಕು, ವರದಿ ಫಾರ್ಮ್ 14-ಬಿಯಲ್ಲಿ ಸಹಿ ಸಮೇತ ಬರುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಲ್ಲಿ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ. ಹೋಗುವ ಮೊದಲು ನಿಮ್ಮ ಔಷಧವನ್ನು ಅಲ್ಲಿ ಪರೀಕ್ಷಿಸುತ್ತಾರೆಯೇ, ಎಷ್ಟು ಸೀಸೆ ಬೇಕು, ತಂಪಿನಲ್ಲಿ ಹೇಗೆ ತರಬೇಕು ಎಂದು ವಿಚಾರಿಸಿ. ಒಡೆಯದ, ಸೀಲ್ ಇರುವ ಸೀಸೆಯನ್ನೇ ಒಯ್ಯಿರಿ. ತೆರೆದ ಸೀಸೆಯಲ್ಲಿ ಏನೇ ಸಿಕ್ಕರೂ "ಆಮೇಲೆ ಯಾರೋ ಬೆರೆಸಿದ್ದು" ಎಂದು ಮಾರಿದವರು ಜಾರಿಕೊಳ್ಳುತ್ತಾರೆ.